ವರ್ಲಿನ್‌ನ ಆಕ್ಸಲ್

ಗೆಳೆಯ ವರ್ಲಿನ್ ಬದುಕಿದ್ದಷ್ಟು ದಿನವೂ ಅವನ ಜೀಪಿನ ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಗಟ್ಟಿ ಆಕ್ಸಲ್ ಕಂಡು ನನ್ನ ಹೊಟ್ಟೆ ಉರಿಯುತ್ತಿತ್ತು. ಅಮೆರಿಕದ ಮೋಆಬ್‌ನ ಕೆಂಪು ಬಂಡೆಯೇರಿನಲ್ಲಿ ನನ್ನದು ಎರಡು ಸಲ ಮುರಿದಿತ್ತು. ಅವನು ಸಿಳ್ಳೆ ಹಾಕುತ್ತ ಹತ್ತಿಬಿಡುತ್ತಿದ್ದ. ಅವನು ತೀರಿಕೊಂಡ ಮೇಲೆ ಹೆಂಡತಿ ನೊರೀನ್ ಆ ಆಕ್ಸಲನ್ನು ನನಗೇ ಕೊಟ್ಟಳು.

"ತಗೊಂಡ್ಹೋಗು ಮಾರಾಯ. ಅವನಿಗಿಂತ ನೀನೇ ಇದನ್ನ ಜಾಸ್ತಿ ನೋಡಿದೀಯ."

ಅದನ್ನು ನನ್ನ ಜೀಪಿಗೆ ಕೂರಿಸಿ ಭಾನುವಾರ ಮಧ್ಯಾಹ್ನವೇ ಏರಿಗೆ ಹೋದೆ. ಉರಿಬಿಸಿಲಿನಲ್ಲೂ ಜೀಪಿನೊಳಗೆ ನನ್ನ ಪಾದದ ಬಳಿ ಮಾತ್ರ ಕೊರೆಯುವ ತಂಪು. ಸ್ಟೀರಿಂಗ್ ನನ್ನ ಕೈಗಿಂತ ಮೊದಲೇ ತಿರುಗುತ್ತಿತ್ತು. ಒಂದೇ ಉಸಿರಿಗೆ ತುದಿ ಮುಟ್ಟಿದೆ.

ಅಲ್ಲಿ ಕಾದಿದ್ದ ಗೆಳೆಯ ಡೆಲ್ಬರ್ಟ್, "ಥೇಟ್ ವರ್ಲಿನ್ ಹತ್ತಿದ ಹಾಗೇ ಇತ್ತಪ್ಪ," ಎಂದ.

"ಹತ್ತಿದ್ದು ನಾನು ಕಣೋ," ಎಂದೆ. ಸತ್ತವನ ಮೇಲೂ ಹೊಟ್ಟೆಕಿಚ್ಚು.

ನಮ್ಮ ಜೀಪುಗಳಲ್ಲಿ ಮುಂದಿನ ಚಕ್ರಗಳು ಎಳೆಯಬೇಕಾದರೆ, ಹತ್ತುವ ಮುನ್ನ ಇಳಿದು ಆ ಎರಡೂ ಚಕ್ರಗಳ ನಟ್ಟನಡುವೆ ಇರುವ ಒಂದೊಂದು ಗುಂಡಿಯನ್ನು ಕೈಯಿಂದ ತಿರುಗಿಸಿ ಬಿಗಿಯಬೇಕು. ಈಗ ಸಡಿಲಿಸೋಣವೆಂದು ಬಗ್ಗಿದೆ. ಎರಡೂ ಸಡಿಲವಾಗಿಯೇ ಇದ್ದವು. ಆತುರದಲ್ಲಿ ನಾನು ಬಿಗಿದೇ ಇರಲಿಲ್ಲ. ಅಂದರೆ ಮುಂದಿನ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗಿಯೇ ಇರಲಿಲ್ಲ.

ಆಮೇಲೆ ಎರಡನ್ನೂ ಸರಿಯಾಗಿ ಬಿಗಿದು ಹನ್ನೊಂದು ಸಲ ಪ್ರಯತ್ನಿಸಿದ್ದೇನೆ. ಒಂದು ಸಲವೂ ತುದಿ ಮುಟ್ಟಿಲ್ಲ.