ಎಡಗಡೆಯ ಕಿಟಕಿ

“ಇವನ ಭಾವ ಇನ್ಯಾವಳನ್ನೋ ಕಟ್ಕೊಂಡು ಓಡಿಹೋದ. ಇವನು ವಿಮಾನದಲ್ಲಿ ಕೂತು ಹುಡುಕ್ತಾನಂತೆ. ಅಕ್ಕನಿಗೆ ಗಂಡನ್ನ ಹಿಡಿದಿಟ್ಕೊಳ್ಳೋಕೆ ಬರ್ಲಿಲ್ಲ, ತಮ್ಮನಿಗೆ ಮಾನ ಇಲ್ಲ.”

ಹೀಗಂದವನು ವಿಮಾನದ ಮಾಲೀಕ. ಕಡಲಂಚಿನ ಜೆಟ್ಟಿಯ ಮೇಲೆ ಸರದಿಯಲ್ಲಿ ನಿಂತಿದ್ದ ಪ್ರವಾಸಿಗರೆಲ್ಲ ನಕ್ಕರು.

ನಾನು ಟಿಕೆಟ್ ಚಾಚಿದೆ. ಕಾಣೆಯಾದವರನ್ನು ಹುಡುಕುವುದೇ ನನ್ನ ಕಸುಬು ಸ್ವಾಮಿ. ಬೈಗುಳ ಅದರ ಭತ್ಯೆ.

ಈ ಸಲ ಕೇಸು ನಮ್ಮ ಮನೆಯದೇ. ಮೀನಿಗೆ ಹೋದ ಭಾವ ದೋಣಿ ಸಮೇತ ಮಾಯ. ಅತ್ತು ಅತ್ತು ಬತ್ತಿಹೋಗಿದ್ದ ಅಕ್ಕ ಕೇಳಿದ್ದು ಒಂದೇ.

“ಸತ್ರೋ, ಬಿಟ್ಟುಹೋದ್ರೋ... ಅಷ್ಟು ಹೇಳು ಸಾಕು ಕಣೋ.”

ಅದು ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ. ಗಾಲಿಯ ಬದಲು ದೋಣಿಯಂಥ ಎರಡು ಪಾದ. ಬಲಪಾದ ಉಪ್ಪು ತಿಂದು ಸವೆದಿತ್ತು.

ಎಡಪಾದ ಹೊಚ್ಚ ಹೊಸದು.

ಅದನ್ನು ನೋಡಿಕೊಂಡೇ ಹತ್ತಿದೆ. ಪೈಲಟ್ ಹಿಂದಿನ ಸೀಟು. ಎಡಗಡೆಯ ಕಿಟಕಿ.

ಕೆಳಗೆ ಕಾಡು, ಬಿಳಿ ಮರಳು... ಊರಿಲ್ಲ, ದಾರಿಯಿಲ್ಲ. ಜೊತೆಯವರು ಕ್ಯಾಮೆರಾ ಹಿಡಿದು ಆಹಾ ಓಹೋ ಅನ್ನುತ್ತಿದ್ದರು. ನನಗೆ ನಿದ್ದೆ ಬರುತ್ತಿತ್ತು.

ಕಡಲಿಗೆ ಚಾಚಿದ ಬಂಡೆಯ ಮೂಗು ದಾಟುತ್ತಲೇ ಪೈಲಟ್ ಕೂಗಿದ. “ಎಲ್ಲರೂ ಬಲಗಡೆ ನೋಡಿ. ಡಾಲ್ಫಿನ್!”

ಹಿಂದೆ ಹೋಗಿಬಂದವರನ್ನೆಲ್ಲ ಕೇಳಿದ್ದೆ. ಇದೇ ಜಾಗದಲ್ಲಿ ಇದೇ ಮಾತು. ಡಾಲ್ಫಿನ್ ಕಂಡವರು ಒಬ್ಬರೂ ಇಲ್ಲ.

ಎಡಗಡೆ ನೋಡಿದೆ.

ಕೊಲ್ಲಿಯ ತಿಳಿನೀರು. ತಳದಲ್ಲಿ ಒಂದು ಕಿತ್ತಳೆ ಚೌಕ. ಭಾವನ ದೋಣಿಯ ಚಾವಣಿ... ಅಕ್ಕನೇ ಬಳಿದ ಬಣ್ಣ. ಸಮುದ್ರದಲ್ಲಿ ದಾರಿ ತಪ್ಪಿದರೆ ಮೇಲಿಂದ ಯಾರಿಗಾದರೂ ಕಾಣಲಿ ಅಂತ.

ಕಂಡಿತ್ತು. ಪೈಲಟ್‌ಗೆ ಪ್ರತಿ ಟ್ರಿಪ್‌ನಲ್ಲೂ ಕಾಣುತ್ತಿತ್ತು.

ತಿರುಗಿದ ಪೈಲಟ್‌ನ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ಮರುಕ್ಷಣ ವಿಮಾನ ಎಡಕ್ಕೆ ವಾಲಿ ಕಲ್ಲಿನಂತೆ ಬಿತ್ತು! ಹಿಂದೆ ಕಿರುಚಾಟ. ಹಿಂದಕ್ಕೆ ಚಾಚಿದ ಅವನ ಕೈ ನನ್ನ ಬಾಗಿಲ ಚಿಲಕದ ಮೇಲಿತ್ತು.

“ಈ ಬಾಗಿಲು ಅಷ್ಟು ಸರಿಯಿಲ್ಲ. ಬೀಳೋರು ಬೀಳ್ತಾರೆ.”

ಸೊಂಟದಲ್ಲಿ ಪಿಸ್ತೂಲಿತ್ತು. ತೆಗೆಯಲು ಬೇಜಾರಾಯಿತು. ಓಡಿಸುವವನನ್ನು ಕೊಂದು ನಾನು ಎಲ್ಲಿ ಇಳಿಯಲಿ? ಅವನ ಕಾಲರ್ ಹಿಡಿದು ಕಿವಿಗೆ ಬಾಯಿಟ್ಟೆ.

“ಎಡಪಾದ ಯಾಕೆ ಬದಲಾಯ್ತು?”

ಕೈ ಚಿಲಕದಿಂದ ಜಾರಿತು. ವಿಮಾನ ನೆಟ್ಟಗಾಯಿತು. ಎಲ್ಲ ಕಕ್ಕಿದ. ಅವತ್ತು ಕೊಲ್ಲಿಯಲ್ಲಿ ಇಳಿಯುವಾಗ ಸಂಜೆ ಬಿಸಿಲು ಕಣ್ಣಿಗೆ ಹೊಡೆದು ದೋಣಿ ಕಾಣಲೇ ಇಲ್ಲವಂತೆ. ಗುದ್ದಿದ ಮೇಲೆ ರೇಡಿಯೋದಲ್ಲಿ ಮಾಲೀಕನನ್ನು ಕೇಳಿದನಂತೆ. ಬಾಯಿ ಮುಚ್ಕೊಂಡು ವಾಪಸ್ ಬಾ ಅಂದನಂತೆ. ಓಡಿಹೋದ ಕತೆ ಕಟ್ಟಿದವನೂ ಅವನೇ.

“ಭಾವ ಆಗ ಬದುಕಿದ್ರಾ?”

“...ಕೂಗ್ತಿದ್ರು.”

“ನೀನು?”

“ಹೊರಟುಬಂದೆ.”

ಕಾಲರ್ ಬಿಟ್ಟೆ.

ಜೆಟ್ಟಿಯಲ್ಲಿ ಇಳಿದಾಗ ಮುಂದಿನ ಟ್ರಿಪ್‌ನವರು ಕಾಯುತ್ತಿದ್ದರು. ಅವರೆದುರಿಗೇ ಮಾಲೀಕ ಹಲ್ಲು ಕಿರಿದ.

“ಏನಯ್ಯಾ, ಸಿಕ್ಕಿದ್ನಾ ನಿನ್ನ ಭಾವ? ಒಬ್ಬನೇ ಇದ್ನಾ, ಜೋಡಿ ಇತ್ತಾ?”

ಮತ್ತೆ ನಗು. ಪೈಲಟ್ ಮಾತ್ರ ವಿಮಾನದಿಂದ ಇಳಿಯಲಿಲ್ಲ. ತಲೆ ಮೇಲೆ ಕೈಹೊತ್ತು ಕೂತಿದ್ದ.

ಗೇಟಿನ ಹತ್ತಿರ ಅಕ್ಕ ನಿಂತಿದ್ದಳು. ಮೊದಲು ಅವಳಿಗೆ ಹೇಳಬೇಕು. ಆಮೇಲೆ ಪೊಲೀಸರಿಗೆ.

ಅವಳ ಕಡೆ ನಡೆದೆ. ಉತ್ತರ ಬೇಕಾದರೆ ಮಾಲೀಕನೂ ಸರದಿಯಲ್ಲಿ ನಿಲ್ಲಲಿ.