ಅರ್ಧ ಒರೆಸಿದ ಬೋರ್ಡು

ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಚಳ್ಳಕೆರೆ ಠಾಣೆಯ ಮೆಟ್ಟಿಲೇರಿದ ಪ್ರಿನ್ಸಿಪಾಲ್ ಶಾಂತವೀರಪ್ಪನವರು ಕುರ್ಚಿ ಕೊಟ್ಟರೂ ಕೂರಲಿಲ್ಲ. ಪಿಎಸ್‌ಐ ಶಾಂತಕುಮಾರಿ ಗದರಿದ ಮೇಲೆಯೇ ಕುಳಿತದ್ದು.

"ನಮ್ಮ ಬಿ.ಇಡಿ. ಕಾಲೇಜಿನ ಎಜುಕೇಷನಲ್ ಟೆಕ್ನಾಲಜಿ ಲ್ಯಾಬಿಂದ ಹಾರ್ಡ್ ಡಿಸ್ಕ್ ಕಳುವಾಗೈತೆ ಮೇಡಂ."

"ಹೊಸದು ತಗೊಳ್ರಿ. ಅದಕ್ಯಾಕೆ ಇಷ್ಟು ಬೆವರು?"

"ಡಿಸ್ಕ್ ಯಾರಿಗೆ ಬೇಕು ಮೇಡಂ! ನಮ್ಮ ಮಕ್ಕಳು ಹಳ್ಳಿ ಶಾಲೆಗೆ ಹೋಗಿ ಮಾಡಿದ ಪಾಠದ ವಿಡಿಯೋ ಎಲ್ಲಾ ಅದರಾಗೇ ಐತೆ. ನಾಳೆ ಹೊರಗಿನ ಪರೀಕ್ಷಕರು ಅದನ್ನ ನೋಡಿ ಮಾರ್ಕ್ಸ್ ಹಾಕ್ಬೇಕು. ಇಲ್ಲಾಂದ್ರೆ ಅಷ್ಟೂ ಜನ ಮತ್ತೆ ಪಾಠ ಮಾಡ್ಬೇಕು."

"ಇನ್ನೊಂದು ಕಾಪಿ?"

ಪ್ರಿನ್ಸಿಪಾಲರು ಇಲ್ಲವೆಂದು ತಲೆಯಾಡಿಸಿದರು. ತಂತ್ರಜ್ಞಾನ ಕಲಿಸುವ ಲ್ಯಾಬಿನಲ್ಲಿ ಇನ್ನೊಂದು ಕಾಪಿ ಇಡಬೇಕೆಂದು ಒಬ್ಬ ಪುಣ್ಯಾತ್ಮನಿಗೂ ಹೊಳೆದಿರಲಿಲ್ಲ. ಶಾಂತಕುಮಾರಿಗೆ ನಗುವೂ ಬಂತು, ಸಿಟ್ಟೂ ಬಂತು. ದೂರು ಬರೆಸಿಕೊಂಡು, ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಕೊಟ್ಟೂರಪ್ಪನ ಜೊತೆ ಜೀಪು ಹತ್ತಿದಳು.

ಲ್ಯಾಬಿನ ಬೀಗ ಮುರಿದಿರಲಿಲ್ಲ. ಮುರಿಯುವ ಕಷ್ಟವಾದರೂ ಯಾಕೆ? ಬೀಗದ ಕೈ ವರಾಂಡದ ಮೊಳೆಗೆ ನೇತಾಡುತ್ತಿತ್ತು, ಯಾರಾದರೂ ಬಂದು ತೆಗೆದುಕೊಳ್ಳಿ ಎಂಬಂತೆ. ಪಂಚರ ಎದುರು ಪಂಚನಾಮೆ ಶುರುವಾಯಿತು. ಪ್ರೊಜೆಕ್ಟರು, ಕ್ಯಾಮೆರಾ, ಕಂಪ್ಯೂಟರು ಎಲ್ಲವೂ ಇದ್ದಲ್ಲೇ ಇದ್ದವು. ಅಂದಮೇಲೆ ಇದು ದುಡ್ಡಿಗೆ ಬಂದ ಕಳ್ಳತನವಲ್ಲ, ಆ ವಿಡಿಯೋಗಳಿಗೇ ಬಂದದ್ದು.

ವಿಡಿಯೋ ತೆಗೆಯುವ ಕೆಲಸ ವಿದ್ಯಾರ್ಥಿ ಓಬಳೇಶನದು. ನಿನ್ನೆ ಸಂಜೆ ಕೊನೆಗೆ ಲ್ಯಾಬು ಬಿಟ್ಟವನೂ ಅವನೇ. ಒಳಗೆ ಬಂದವನು ಕಪ್ಪು ಹಲಗೆ ನೋಡಿ ನಿಂತುಬಿಟ್ಟ.

"ಮೇಡಂ, ನಿನ್ನೆ ನಾನು ಬೋರ್ಡ್ ಒರೆಸದೆ ಹೋಗಿದ್ದೆ. ಯಾರೋ ಒರೆಸವ್ರೆ."

"ಅದ್ರಲ್ಲೇನೈತೆ?"

"ಕ್ಲಾಸ್ ಬಿಡೋ ಮುಂಚೆ ಬೋರ್ಡ್ ಒರೆಸ್ಬೇಕು, ಮೇಲಿಂದ ಕೆಳಕ್ಕೆ. ಮೊದಲ ದಿನದಿಂದ ನಮ್ಮ ತಲೆಗೆ ತುಂಬಿರೋದೇ ಅದು."

ಅಬ್ಬಾ! ಕದಿಯಲು ಬಂದವರು ಹೋಗುವಾಗ ಬೋರ್ಡು ಒರೆಸಿ ಹೋಗಿದ್ದಾರೆ. ಇಂಥ ತಪ್ಪು ಮೇಷ್ಟ್ರಾಗಲು ಕಲಿಯುತ್ತಿರುವವರನ್ನು ಬಿಟ್ಟು ಇನ್ಯಾರು ಮಾಡಿಯಾರು? ಶಾಂತಕುಮಾರಿ ಹತ್ತಿರ ಹೋದಳು. ಮೇಲಿನ ಎರಡು ಸಾಲು ಹಾಗೇ ಉಳಿದಿದ್ದವು. ಒರೆಸಿದವರ ಕೈ ಅಲ್ಲಿಗೆ ಎಟುಕಿರಲಿಲ್ಲ, ಹತ್ತಲು ಲ್ಯಾಬಿನಲ್ಲಿ ಸ್ಟೂಲೂ ಇರಲಿಲ್ಲ.

ಪಕ್ಕದ ತರಗತಿಯಲ್ಲೂ ಅಂಥದ್ದೇ ಬೋರ್ಡಿತ್ತು. ಅದರ ತುಂಬ ಬಳಪದಲ್ಲಿ ಗೀಚಿಸಿ, ಪಕ್ಕದಲ್ಲಿದ್ದ ಸ್ಟೂಲನ್ನು ಹೊರಗಿಡಿಸಿ, ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕರೆಸಿದಳು. ಪ್ರತಿಯೊಬ್ಬರಿಗೂ ಎರಡೇ ಮಾತು: ಬೋರ್ಡು ಒರೆಸು, ನಿನ್ನ ಪಾಠ ಹೇಗಾಯಿತು ಹೇಳು. ಅಯ್ಯಯ್ಯೋ, ಪಾಠದ ಮಾತು ಬಂದರೆ ಸಾಕು, ಬಾಯಿಗೆ ಬಿಡುವೇ ಇಲ್ಲ! ಮಕ್ಕಳು ಹೀಗೆ ಕೇಳಿದವು, ಚಾರ್ಟು ಹಾಗೆ ಹರಿಯಿತು ಎಂದು ಶುರು ಮಾಡಿದವರನ್ನು ಕೊಟ್ಟೂರಪ್ಪನೇ ಕೈ ಹಿಡಿದು ಹೊರಗೆ ಕಳಿಸಬೇಕಾಯಿತು.

ಕೊನೆಯಲ್ಲಿ ಬಂದವಳು ಸ್ವಪ್ನ. ನನ್ನಿವಾಳದ ಕುರಿಗಾಹಿ ಚಿಕ್ಕೀರಪ್ಪನ ಮಗಳು. ಡಸ್ಟರ್ ಹಿಡಿದು ಸ್ಟೂಲಿಗಾಗಿ ಅತ್ತಿತ್ತ ನೋಡಿದಳು. ಸಿಗದೆ, ತುದಿಗಾಲಲ್ಲಿ ನಿಂತು ಒರೆಸಿದಳು. ಮೇಲಿನ ಎರಡು ಸಾಲು ಉಳಿದವು.

"ಪಾಠ ಎಲ್ಲಿ ಮಾಡ್ದೆ?"

"ಮೊಳಕಾಲ್ಮೂರು ಕಡೆ. ಆಂಧ್ರ ಗಡಿ ಊರಿನ ಶಾಲೆ."

"ಹೆಂಗಾಯ್ತು?"

"ಚೆನ್ನಾಗಾಯ್ತು."

ಅಷ್ಟೇ. ಪಾಠದ ಮಾತು ಮುಗಿಯಿತು. ಡಸ್ಟರ್ ಕೆಳಗಿಟ್ಟಳು. "ಡಿಸ್ಕ್ ಸಿಗ್ತದಾ ಮೇಡಂ?" ಎಂದು ಕೇಳಿದಳು. "ನಮ್ಮ ಮನೆತನದಾಗೆ ಇಷ್ಟು ಓದಿದೋಳು ನಾನೇ ಮೊದಲು. ಟೀಚರ್ ಆಗ್ಲಿಲ್ಲಾಂದ್ರೆ ಕುರಿ ಹಿಂದೆ ಹೋಗ್ಬೇಕು, ಅಷ್ಟೇ."

ಅವಳು ಹೋದ ಮೇಲೆ ಕೊಟ್ಟೂರಪ್ಪ ಮೀಸೆಯಲ್ಲೇ ನಕ್ಕ. "ಕುಳ್ಳಗಿದ್ದೋರೆಲ್ಲ ಕಳ್ರೇನ್ರಿ ಮೇಡಂ? ಕೋರ್ಟು ಒಪ್ಪಲ್ಲ."

"ಒಪ್ಪಲ್ಲ. ಅದಕ್ಕೇ ಜೀಪು ತೆಗಿ. ಆ ಶಾಲೆ ನೋಡ್ಬೇಕು."

ಬಿ.ಜಿ. ಕೆರೆ ದಾಟಿ ಗಡಿ ಕಡೆ ತಿರುಗುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಸ್ವಪ್ನಳ ಮುಖ ಕಣ್ಣಿಂದ ಹೋಗಲಿಲ್ಲ. ಕದ್ದವಳು ಅವಳಾಗಿರದಿದ್ದರೆ ಸಾಕು ಎಂದು ಶಾಂತಕುಮಾರಿಗೆ ಅನ್ನಿಸಿತು. ಪೊಲೀಸರಿಗೆ ಹಾಗೆ ಅನ್ನಿಸಬಾರದು, ಆದರೂ ಅನ್ನಿಸಿತು.

ಶಾಲೆಯ ಮಕ್ಕಳ ಮನೆಮಾತು ತೆಲುಗು. ಸ್ವಪ್ನ ಟೀಚರ್ ಹೆಸರೆತ್ತಿದ ಕೂಡಲೇ ಗಲಾಟೆ ನಿಂತುಹೋಯಿತು. ಎಲ್ಲರೂ ಮುಂದಿನ ಸಾಲಿನ ಬೋರಮ್ಮ ಎಂಬ ಹುಡುಗಿಯ ಕಡೆ ತಿರುಗಿದರು. ಕೊಟ್ಟೂರಪ್ಪ ಮಂಡಿಯೂರಿ ಕೂತು ತೆಲುಗಿನಲ್ಲೇ ಕೇಳಿದ. ಹುಡುಗಿ ಕೆನ್ನೆ ಮುಟ್ಟಿಕೊಂಡು, "ಟೀಚರ್ ಕೊಟ್ಟಿಂದಿ" ಎಂದಳು.

"ಹೊಡೆದವ್ಳೆ ಮೇಡಂ," ಎಂದ ಕೊಟ್ಟೂರಪ್ಪ. "ಕೇಳಿದ್ದಕ್ಕೆಲ್ಲ ಈ ಮಗಾ ತೆಲುಗಲ್ಲೇ ಉತ್ತರ ಕೊಡ್ತಿತ್ತಂತೆ. ಮಿಕ್ಕೋರು ನಕ್ಕವ್ರೆ. ಟೀಚರ್‌ಗೆ ತೆಲುಗು ಬರಲ್ಲ, ಎದುರಿಗೆ ಕ್ಯಾಮೆರಾ ಬೇರೆ. ಕೈ ಎದ್ದುಬಿಟ್ಟೈತೆ."

ಮಗುವನ್ನು ಹೊಡೆದ ವಿಡಿಯೋ ಪರೀಕ್ಷಕರ ಮುಂದೆ ಬಂದರೆ ಟೀಚರ್ ಕೆಲಸದ ಕನಸು ಅಲ್ಲಿಗೇ ಮುಗಿದಂತೆ. ವಿಡಿಯೋಗಳೇ ಇಲ್ಲದಿದ್ದರೆ? ಎಲ್ಲರ ಜೊತೆ ಅವಳಿಗೂ ಇನ್ನೊಂದು ಪಾಠ ಸಿಗುತ್ತದೆ.

ಕಾಲೇಜಿಗೆ ವಾಪಸು ಬಂದು ಸ್ವಪ್ನಳನ್ನು ಕೂರಿಸಿದಳು. "ಬೋರಮ್ಮನ್ನ ನೋಡ್ಕಂಡು ಬಂದೆ," ಎಂದಳು, ಅಷ್ಟೇ. ಹುಡುಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನನ್ನಿವಾಳದ ಮನೆಯಲ್ಲಿ, ಕುರಿ ಉಣ್ಣೆಯ ಚೀಲದೊಳಗಿಂದ ಡಿಸ್ಕನ್ನು ಅವಳೇ ತೆಗೆದುಕೊಟ್ಟಳು. ಪಂಚರ ಸಮಕ್ಷಮ ಜಪ್ತಿ ಪಂಚನಾಮೆಯಾಯಿತು.

ಕದ್ದ ಮಾಲು ಅದೇ ಹೌದೇ ಎಂದು ಗುರುತಿಸಲು ಲ್ಯಾಬಿನಲ್ಲಿ ಡಿಸ್ಕನ್ನು ಹಾಕಿದರು. ಸ್ವಪ್ನಳ ಪಾಠ ಪರದೆ ಮೇಲೆ ಬಂತು. ಅವಳು ಕಣ್ಣು ಮುಚ್ಚಿ ಗೋಡೆಗೆ ಆತು ನಿಂತಳು. ಬೋರಮ್ಮ ಎದ್ದು ನಿಂತದ್ದು, ಮಕ್ಕಳು ನಕ್ಕದ್ದು, ಟೀಚರ್ ಮುಖ ಕೆಂಪಾದದ್ದು ಎಲ್ಲ ಕಂಡಿತು. ಆಮೇಲೆ ಪರದೆ ಕಪ್ಪಾಯಿತು.

"ಮುಂದಿಂದು?" ಎಂದಳು ಶಾಂತಕುಮಾರಿ.

"ಮುಂದೆ ಇಲ್ಲ ಮೇಡಂ." ಓಬಳೇಶ ಕ್ಯಾಮೆರಾ ಕಡೆ ಕೈ ತೋರಿಸಿದ. "ಕೈ ಎತ್ತಿದ್ದು ಕಂಡ ಕೂಡ್ಲೇ ಆಫ್ ಮಾಡ್ದೆ. ಬ್ಯಾಟರಿ ಹೋಯ್ತು ಅಂತ ಪ್ರಿನ್ಸಿಪಾಲ್ ಸರ್‌ಗೆ ಹೇಳ್ದೆ."

"ಇವಳಿಗೆ ಹೇಳಲಿಲ್ಲೇನೋ?"

"ಆ ಮಾತೆತ್ತಿದ್ರೆ ನಾಚ್ಕೋತಾಳೆ ಅಂತ..."

ಸ್ವಪ್ನ ಕಣ್ಣು ಬಿಟ್ಟು ಕಪ್ಪು ಪರದೆಯನ್ನೇ ನೋಡಿದಳು. ಅಳಲಿಲ್ಲ. "ಹೊಡೆದದ್ದಂತೂ ಹೊಡೆದೆ," ಎಂದಳು. "ಆ ಮಗೀಗೆ ನೋವಾಗೈತಲ್ಲ."

ಸೂರ್ಯ ಮುಳುಗುವ ಮುಂಚೆ ಬಂಧನದ ಕಾಗದಗಳು ಮುಗಿದವು. ಪ್ರೇರಣೆ ಎಂಬಲ್ಲಿ ಶಾಂತಕುಮಾರಿ "ಶಿಕ್ಷಕಿಯಾಗುವ ಅವಕಾಶ ತಪ್ಪೀತೆಂಬ ಭಯ" ಎಂದು ಬರೆದಳು. ಹೊರಗೆ ಚಿಕ್ಕೀರಪ್ಪ ಹೆಗಲ ಕಂಬಳಿ ಸರಿಮಾಡಿಕೊಳ್ಳುತ್ತಾ ನಿಂತಿದ್ದ.

"ಅವ್ವಾ, ಡಿಸ್ಕ್ ಸಿಕ್ತಂತಲ್ಲ. ಹಂಗಾದ್ರೆ ನಾಳೆ ನಮ್ ಹುಡುಗಿ ಪಾಸಾಗ್ತಾಳಾ?"

ವಿಡಿಯೋ ಅರ್ಧವಾದರೂ ಪಾಸಾಗುವಷ್ಟಿತ್ತು, ಹಾಗೆಂದು ಪ್ರಿನ್ಸಿಪಾಲರೇ ಹೇಳಿದ್ದರು. ಆದರೆ ಕಳ್ಳತನದ ಕೇಸು ಮೈಮೇಲಿದ್ದವಳನ್ನು ಯಾವ ಶಾಲೆ ಒಳಗೆ ಬಿಟ್ಟೀತು?

"ಪಾಸಾಗ್ತಾಳೆ ಕಣಪ್ಪ," ಎಂದಳು ಶಾಂತಕುಮಾರಿ.