ತವರ ಸೀರೆ ಆರಿಸಿದವಳು

ಆಶ್ರಿತಾಳ ತೊಡೆಯ ಮೇಲೆ ಚನ್ನಬಸವನ ಬಲಗಾಲಿತ್ತು.

ಶುಕ್ರವಾರದ ಬೆಳಗು. ದೋಹಾದ ಆಸ್ಪೈರ್ ಪಾರ್ಕಿನ ಕೆರೆಯ ಪಕ್ಕದ ಬೆಂಚು. ನಾನು ಕಾರು ನಿಲ್ಲಿಸಿ, ಮೂರು ಲೋಟ ಕರಕ್ ಚಹಾ ಹಿಡಿದುಕೊಂಡು ಬರುವಷ್ಟರಲ್ಲಿ ಇಷ್ಟೆಲ್ಲ ಆಗಿಹೋಗಿತ್ತು. ಅವಳು ಅವನ ಹಿಮ್ಮಡಿಗೆ ಟೇಪು ಸುತ್ತುತ್ತಿದ್ದಳು, ಅವನು ಕಚಗುಳಿ ತಾಳಲಾರದೆ ನಗುತ್ತಿದ್ದ. ನನ್ನೆದುರು ನಗುವಾಗ ಅವನು ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ. ಇಲ್ಲಿ ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದ.

ನನಗೆ ಹೊಟ್ಟೆಕಿಚ್ಚಾಯಿತು. ಸುತ್ತಿ ಬಳಸಿ ಹೇಳುವುದೇನು ಬಂತು.

ಆಶ್ರಿತಾ ಫಿಸಿಯೋಥೆರಪಿಸ್ಟ್, ಉಡುಪಿಯವಳು. ದಿನವಿಡೀ ಅವಳು ಹಿಡಿಯುವುದು ಕಂಡವರ ಕಾಲನ್ನೇ. ಅಲ್ ಅಜೀಜಿಯಾದ ಫ್ಲ್ಯಾಟಿನಲ್ಲಿ ನಾವಿಬ್ಬರೂ ಒಟ್ಟಿಗೆ ಇರುವುದು. ನಡೆಯುವ ಅಭ್ಯಾಸ ಶುರುಮಾಡಿ ಇವನ ಕಾಲಿನಲ್ಲಿ ಗುಳ್ಳೆ ಎದ್ದಾಗ "ನಮ್ಮ ಆಶ್ರಿತಾ ಇದಾಳಲ್ಲ, ಅವಳಿಗೆ ತೋರಿಸಿ" ಎಂದು ಪರಿಚಯ ಮಾಡಿಸಿದ ಜಾಣೆಯೂ ನಾನೇ. ಇದೆಲ್ಲ ನನಗೆ ಗೊತ್ತು. ಗೊತ್ತಿದ್ದರೆ ಉರಿ ಕಡಿಮೆಯಾಗುತ್ತದೆಯೇ?

ಚನ್ನಬಸವ ನಮ್ಮ ಕಂಪನಿಯ ಸೈಟಿನಲ್ಲಿ ಸೇಫ್ಟಿ ಇಂಜಿನಿಯರು. ಊರು ಇಳಕಲ್ಲಿನ ಹತ್ತಿರ. ನಾನು ಮೈಸೂರಿನವಳು, ಎಚ್‌ಆರ್‌ನಲ್ಲಿದ್ದೇನೆ. ಅವನ ರಜೆ ಅರ್ಜಿ ನನ್ನ ಟೇಬಲ್ಲಿಗೆ ಬಂದಾಗ ಕಾರಣದ ಜಾಗದಲ್ಲಿ 'ನಡೆಯಲು' ಎಂದು ಬರೆದಿದ್ದ. ತಮಾಷೆ ಇರಬೇಕೆಂದು ಫೋನ್ ಮಾಡಿದ್ದೆ.

"ಎಲ್ಲಿಗೆ ನಡೀತೀರಿ ಚನ್ನಬಸವ ಅವರೇ?"

"ಶ್ರೀಶೈಲಕ್ಕರಿ. ನಮ್ಮೂರಿಂದ."

"ಬಸ್ ಇಲ್ವಾ?"

"ಬಸ್ಸ್ ಐತ್ರಿ. ಮಲ್ಲಯ್ಯಗ ಬಸ್ಸಿನ ಮ್ಯಾಲ ಅಷ್ಟ್ ಪ್ರೀತಿ ಇಲ್ಲ."

ನಾನು ನಗುತ್ತಲೇ ಅರ್ಜಿಗೆ ಅನುಮತಿ ಕೊಟ್ಟೆ. ಆಮೇಲೆ ನಗುವೂ ನಿಲ್ಲಲಿಲ್ಲ, ಫೋನೂ ನಿಲ್ಲಲಿಲ್ಲ.

ಅವನ ಊರಿನವರೆಲ್ಲ ಯುಗಾದಿಗೆ ಮಲ್ಲಯ್ಯನ ಕಂಬಿ ಹೊತ್ತ ತಂಡದ ಜೊತೆ ಶ್ರೀಶೈಲಕ್ಕೆ ನಡೆಯುತ್ತಾರೆ. ಇವನ ಪ್ಲಾಂಟಿನ ವಾರ್ಷಿಕ ದುರಸ್ತಿಯ ಶಟ್‌ಡೌನ್ ಸರಿಯಾಗಿ ಆ ಹೊತ್ತಿಗೇ ಬೀಳುತ್ತದೆ. ಹಾಗಾಗಿ ಶಿವರಾತ್ರಿಗೆ, ಒಬ್ಬನೇ ಹೊರಟಿದ್ದ. ದಾರಿ ತೋರಿಸುವವರಿಲ್ಲ, ಊಟ ಹಾಕುವ ತಂಡವಿಲ್ಲ. ಲಿಂಗಸುಗೂರು, ರಾಯಚೂರು, ಕರ್ನೂಲು, ಆತ್ಮಕೂರು, ಆಮೇಲೆ ಕಾಡು, ಭೀಮನಕೊಳ್ಳ. ಊಟದ ವಿರಾಮದಲ್ಲಿ ನಾವಿಬ್ಬರೂ ಫೋನಿನ ಮ್ಯಾಪಿನ ಮೇಲೆ ತಲೆಗೆ ತಲೆ ತಾಗುವಷ್ಟು ಬಗ್ಗಿ ಆ ದಾರಿ ಗುರುತಿಸಿದ್ದೆವು. ಯಾವ ಮಠದಲ್ಲಿ ಮಲಗುವುದು, ಎಲ್ಲಿ ನೀರು ಸಿಗುತ್ತದೆ, ಎಲ್ಲವೂ ನಾನು ಹುಡುಕಿ ಕೊಟ್ಟದ್ದು. ಈಗ ನೋಡಿದರೆ ದಾರಿ ಮಾತ್ರ ನನ್ನದು, ಪಾದ ಅವಳದು.

"ಚಹಾ ಆರ್ತಿದೆ," ಎಂದೆ.

ಅವನು ಗಡಬಡಿಸಿ ಕಾಲು ಇಳಿಸಿದ. ಲೋಟ ತೆಗೆದುಕೊಳ್ಳುವಾಗ ಕಣ್ಣೆತ್ತಿ ನನ್ನನ್ನು ನೋಡಿದ, ನಾನು ನೋಡುತ್ತಿರುವುದು ಕಂಡು ಲೋಟದೊಳಗೆ ನೋಡಿದ. ಅವನು ಹೀಗೆ ಮಾಡಿದಾಗಲೆಲ್ಲ ನನಗೆ ಒಳಗೊಳಗೇ ಏನೋ ಹಿತವಾಗುತ್ತದೆ. ಅವತ್ತು ಅದೂ ಅನುಮಾನಕ್ಕೆ ಕಾರಣವಾಯಿತು.

ಎರಡು ಗುಟುಕು ಕುಡಿದು ಅವನು ಗಂಟಲು ಸರಿಮಾಡಿಕೊಂಡ. "ಆಶ್ರಿತಾ ಅವ್ರ, ನಾಳೆ ಬಿಡುವು ಐತೇನ್ರಿ? ಒಂದ್ ಸೀರಿ ಆರಿಸಬೇಕಿತ್ತು."

"ಯಾರಿಗೆ ಮಾರಾಯ್ರೆ ಸೀರೆ?"

"ಭ್ರಮರಾಂಬಾಗರಿ. ಆಕಿ ನಮ್ಮ ಕಡೆ ಮನಿಮಗಳು. ಶ್ರೀಶೈಲದ ಮಲ್ಲಯ್ಯಗ ಕೊಟ್ಟೀವಿ. ಹೋಗೋ ಮುಂದ ತವರಿಂದ ಸೀರಿ, ಬಳಿ, ಕುಂಕುಮ ಒಯ್ಯಬೇಕ್ರಿ. ಬರಿಗೈಲೆ ಹೋಗಂಗಿಲ್ಲ."

ದೇವಿಯನ್ನು ಮಗಳೆನ್ನುವಾಗ ಅವನ ಮುಖ ನಿಜಕ್ಕೂ ತಂಗಿಯನ್ನು ನೋಡಲು ಹೊರಟ ಅಣ್ಣನ ಹಾಗೆ ಬೆಳಗಿತು. ನನಗೆ ಬಹಳ ಇಷ್ಟವಾಯಿತು.

"ಇಳಕಲ್ಲಿನವರು ದೋಹಾದಲ್ಲಿ ಸೀರೆ ತಗೊಳ್ಳೋದಾ!" ಎಂದೆ.

"ದುಡಿಯೋ ಊರಿನ ಸೀರಿನ ಆಗಬೇಕಂತಾಳ್ರಿ ನಮ್ಮವ್ವ."

"ಹಾಗಾದ್ರೆ ನಾನೂ ಬರ್ತೀನಿ. ಸೀರೆ ವಿಷಯದಲ್ಲಿ ಮೈಸೂರಿನವರನ್ನ ಬಿಟ್ಟು ಹೋದ್ರೆ ಹೇಗೆ?"

ಅವನು ಥಟ್ಟನೆ ಎದ್ದು ನಿಂತ. "ನೀವು ಬ್ಯಾಡ್ರಿ."

"ಯಾಕೆ?"

"ಬ್ಯಾಡ್ರಿ ಅಂದ್ರ ಬ್ಯಾಡ್ರಿ," ಎಂದವನ ಕಿವಿ ಕೆಂಪಾಗಿತ್ತು. ಶೂ ಲೇಸು ಕಟ್ಟುವ ನೆಪದಲ್ಲಿ ಬಗ್ಗಿದ. ಆ ಶೂಗೆ ಲೇಸೇ ಇರಲಿಲ್ಲ.

ನಾನು ಉಳಿದ ಚಹಾ ಹುಲ್ಲಿಗೆ ಚೆಲ್ಲಿ, ಮುಂದೆ ಮುಂದೆ ನಡೆದೆ. ಅವತ್ತು ನನ್ನಷ್ಟು ವೇಗವಾಗಿ ಆ ಪಾರ್ಕಿನಲ್ಲಿ ಯಾರೂ ನಡೆದಿರಲಾರರು.

ಶನಿವಾರ ಅವರಿಬ್ಬರೂ ಹೋದರು. ನಾನು ಮನೆಯಲ್ಲಿ ಕುಕ್ಕರ್ ತಿಕ್ಕಿದೆ. ಒಲೆ ಒರೆಸಿದೆ. ಮತ್ತೆ ಕುಕ್ಕರ್ ತಿಕ್ಕಿದೆ. ತಲೆಯಲ್ಲಿ ಒಂದೇ ಲೆಕ್ಕ. ದೇವಿಗೆ ಉಡಿಸುವ ಸೀರೆಯನ್ನು ಯಾರ ಕೈಯಲ್ಲಿ ಆರಿಸುತ್ತಾರೆ? ಮನೆಗೆ ಬರುವವಳ ಕೈಯಲ್ಲೇ ತಾನೆ? ಹೊಸ ಸೊಸೆಯಿಂದ ದೀಪ ಹಚ್ಚಿಸುವುದಿಲ್ಲವೇ, ಹಾಗೆ. ಅದಕ್ಕೇ ನನ್ನನ್ನು ಬೇಡವೆಂದದ್ದು. ಅದಕ್ಕೇ ಕಿವಿ ಕೆಂಪಾದದ್ದು. ಎಲ್ಲ ಸರಿಯಾಗಿ ಹೊಂದುತ್ತಿತ್ತು. ಹೊಂದಿದಷ್ಟೂ ಅಳು ಬರುತ್ತಿತ್ತು.

ಸಂಜೆ ಆಶ್ರಿತಾ ಬಂದು ಸೋಫಾ ಮೇಲೆ ಬಿದ್ದುಕೊಂಡಳು. "ಲಕ್ಕವ್ವ ವಿಡಿಯೋ ಕಾಲಲ್ಲಿ ಇದ್ರು ಮಾರಾಯ್ತಿ. ಚನ್ನಬಸವರ ಅಮ್ಮ. ಎಂತ ಒಳ್ಳೆ ಜನ! ನಾನು ಅರಶಿನ ಬಣ್ಣದ್ದು ಆರಿಸಿದ್ದು. ಅವರಿಗೆ ಕಣ್ಣಲ್ಲಿ ನೀರು ಬಂತು. ಇನ್ನು ಮೇಲೆ ನೀನು ನಮ್ಮನೆಯವಳು ಅಂದ್ರು."

"ಓಹೋ. ಮನೆಯವಳು."

"ಹೌದು. ನಿನಗೆಂತ ಆದದ್ದು? ಮುಖ ಯಾಕೆ ಹಾಗೆ?"

"ಈರುಳ್ಳಿ ಹೆಚ್ಚಿದೆ."

ಅವಳು ಅಡುಗೆಮನೆಯತ್ತ ಇಣುಕಿದಳು. ಈರುಳ್ಳಿಯ ಸಿಪ್ಪೆಯೂ ಇರಲಿಲ್ಲ. ಅವಳ ತುಟಿಯ ಅಂಚಿನಲ್ಲಿ ನಗು ಬಂದದ್ದನ್ನು ಕಂಡೆ. ಗೆದ್ದವಳ ನಗು ಎಂದುಕೊಂಡೆ.

ಮರುದಿನ ಆಫೀಸು ಮುಗಿಸಿ ನೇರ ಸೂಕ್ ವಾಕಿಫ್ ಮಾರುಕಟ್ಟೆಯ ಪಕ್ಕದ ಗಲ್ಲಿಗೆ ಹೋದೆ. ಸೀರೆ ಅಂಗಡಿಯ ಶಾಹುಲ್ ಹಮೀದ್ ಮಂಗಳೂರಿನವರು. ಶ್ರೀಶೈಲದ ಅಮ್ಮನವರಿಗೆ ಎಂದ ಕೂಡಲೇ ಅವರು ಮುಗುಳ್ನಕ್ಕರು. "ನಿನ್ನೆ ಕೂಡ ಒಂದು ಜೋಡಿ ಬಂದಿತ್ತು ಮೇಡಂ, ಅದೇ ದೇವರಿಗೆ. ಹುಡುಗಿ ಒಳ್ಳೆ ಕಲರ್ ಆರಿಸಿದ್ರು."

ಜೋಡಿಯಂತೆ!

"ಅದಕ್ಕಿಂತ ಒಳ್ಳೇದು ತೋರಿಸಿ," ಎಂದೆ.

ಗಿಳಿಹಸಿರಿನ ರೇಷ್ಮೆ, ಕೆಂಪು ಅಂಚು. ಬೆಲೆ ಕೇಳದೆ ಕಟ್ಟಿಸಿಕೊಂಡೆ. ದೇವಿಯ ಮುಂದೆ ಎರಡೂ ಸೀರೆ ಇಡಲಿ, ಯಾವುದನ್ನು ಉಡುತ್ತಾಳೋ ನೋಡೋಣ ಎನ್ನುವಷ್ಟು ತಲೆ ಕೆಟ್ಟಿತ್ತು. ಮಲ್ಲಯ್ಯನ ಹೆಂಡತಿಯನ್ನೇ ನನ್ನ ಕಡೆಯ ಸಾಕ್ಷಿಯಾಗಿ ಕರೆಯಲು ಹೊರಟಿದ್ದೆ.

ಗುರುವಾರ ಸಂಜೆ ಮೂವರೂ ಸೂಕ್‌ನ ಒಂದು ಹೋಟೆಲಿನ ಅಂಗಳದಲ್ಲಿ ಸೇರಿದೆವು. ಶನಿವಾರ ಬೆಳಿಗ್ಗೆ ಅವನ ವಿಮಾನ. ಇನ್ನೂ ಬಿಸಿಲಿತ್ತು, ಪಾರಿವಾಳಗಳು ಕಲ್ಲುಹಾಸಿನ ಮೇಲೆ ಅಡ್ಡಾಡುತ್ತಿದ್ದವು. ಚನ್ನಬಸವ ಎಂದಿಲ್ಲದಂತೆ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ನನ್ನೆದುರು ಕೂತು ಮೆನು ಕಾರ್ಡಿನ ಮೇಲಂಚಿನಿಂದ ನನ್ನನ್ನು ನೋಡುವುದು, ನಾನು ನೋಡಿದರೆ ಕಾರ್ಡು ಮೇಲೆತ್ತುವುದು, ಇದೇ ನಡೆದಿತ್ತು. ಕಾರ್ಡು ತಲೆಕೆಳಗಾಗಿತ್ತು.

ನಾನು ಚೀಲದಿಂದ ಪೊಟ್ಟಣ ತೆಗೆದು ಅವನ ಮುಂದೆ ಇಟ್ಟೆ. "ಅಮ್ಮನವರಿಗೆ. ನಾನೇ ಆರಿಸಿದ್ದು. ಇದನ್ನೂ ತಗೊಂಡು ಹೋಗಿ."

ಅವನ ಮುಖದ ಬಣ್ಣ ಇಳಿಯಿತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ಇದನ್ನ ನಾ ಮುಟ್ಟಂಗಿಲ್ರಿ."

"ಅಂದ್ರೆ?"

"ತಿರುಗಿ ಒಯ್ದುಬಿಡ್ರಿ. ಕೈ ಮುಗೀತೀನಿ."

ಇಷ್ಟು ದಿನ ನುಂಗಿದ್ದೆಲ್ಲ ಒಮ್ಮೆಗೇ ಬಾಯಿಗೆ ಬಂತು. "ಅವಳು ಆರಿಸಿದ್ರೆ ಪ್ರಸಾದ, ನಾನು ಆರಿಸಿದ್ರೆ ವಿಷಾನಾ? ಎರಡು ತಿಂಗಳು ಊಟ ಬಿಟ್ಟು ನಿಮ್ಮ ದಾರಿ ಹುಡುಕಿದೀನಿ ನಾನು. ಮಠಗಳಿಗೆಲ್ಲ ಫೋನ್ ಮಾಡಿದೀನಿ. ನನ್ನ ಸೀರೆ ಮುಟ್ಟೋಕೂ ಆಗಲ್ವಾ ನಿಮಗೆ? ಅವಳೇ ಬೇಕು ಅಂದ್ರೆ ನೇರ ಹೇಳಿ. ನಾನೇನು ಅಡ್ಡ ಬರಲ್ಲ. ಖಲಾಸ್!"

ಅಡ್ಡ ಬರಲ್ಲ ಎನ್ನುವಾಗ ದನಿ ಒಡೆಯಿತು. ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. ಆಶ್ರಿತಾ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಅಲ್ಲಾಡುತ್ತಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

"ಹೇಳಿ ಮಾರಾಯ್ರೆ," ಎಂದಳು ಅವನಿಗೆ. "ಬಂದ ಮೇಲೆ ಹೇಳ್ತೇನೆ, ಬಂದ ಮೇಲೆ ಹೇಳ್ತೇನೆ ಅಂತ ನನ್ನ ಬಾಯಿ ಕಟ್ಟಿ ಹಾಕಿದ್ದೀರಿ. ಇವಳು ಅಷ್ಟರಲ್ಲಿ ನಮ್ಮ ಮನೆ ಕುಕ್ಕರ್ ತೂತು ಮಾಡ್ತಾಳೆ."

ಚನ್ನಬಸವ ನೀರು ಕುಡಿದ. ನನ್ನನ್ನು ನೋಡಿದ. ಈ ಸಲ ಕಣ್ಣು ತಗ್ಗಿಸಲಿಲ್ಲ.

"ನಮ್ಮ ಮನ್ಯಾಗ ಒಂದ್ ಪದ್ಧತಿ ಐತ್ರಿ. ತವರ ಸೀರಿ ಆರಿಸೋದು ಮನಿ ಹೆಣ್ಮಗಳು. ಅಕ್ಕ ಇಲ್ಲಾ ತಂಗಿ. ಸೊಸಿ ಆರಿಸಂಗಿಲ್ಲ, ಆಕಿ ಬ್ಯಾರೆ ಮನಿಯಿಂದ ಬಂದಾಕಿ. ನನಗ ಅಕ್ಕ-ತಂಗಿ ಇಲ್ರಿ. ನಮ್ಮತ್ತಿ, ಅಪ್ಪನ ತಂಗಿ, ಆರಿಸ್ತಿದ್ಲು, ಆಕಿ ಹೋದ ವರ್ಷ ತೀರಿಕೊಂಡ್ಲು. ಅದಕ್ಕ ಅವ್ವ ಅಂದ್ಲು, ಅಲ್ಲೇ ಯಾರರ ಒಬ್ಬ ಹುಡುಗಿಗೆ ತಂಗಿ ಅನ್ನು, ಆಕಿ ಕೈಲೆ ಆರಿಸು ಅಂತ. ಒಮ್ಮೆ ಆರಿಸಿದ್ಲಂದ್ರ ಆಕಿ ಜನ್ಮಪೂರ್ತಿ ತಂಗಿನರಿ. ಬದಲಾಗಂಗಿಲ್ಲ."

ನನ್ನ ಕೈ ಪೊಟ್ಟಣದ ಮೇಲೆಯೇ ಇತ್ತು.

"ಮತ್ತೆ... ಈಗ ಇದನ್ನ ನೀವು ತಗೊಂಡಿದ್ರೆ?"

"ನೀವೂ ತಂಗಿ ಆಗ್ತಿದ್ರಿ."

"ಆದ್ರೆ ಏನಂತೆ?"

ಕೇಳಿದ್ದು ಬೇಕೆಂದೇ. ಅವನ ಬಾಯಿಂದಲೇ ಬರಬೇಕಿತ್ತು. ಇಷ್ಟು ದಿನ ಉರಿದದ್ದಕ್ಕೆ ಅಷ್ಟೂ ಸಿಗದಿದ್ದರೆ ಹೇಗೆ?

"ನನಗ ತಂಗಿ ಒಬ್ಬಾಕಿ ಸಾಕ್ರಿ," ಎಂದ ಅವನು ಮೆಲ್ಲಗೆ. "ನಿಮ್ಮನ್ನ ತಂಗಿ ಅನ್ನಾಕ ಈ ಜನ್ಮದಾಗ ನನ್ನ ಕೈಲೆ ಆಗಂಗಿಲ್ಲ. ಮಲ್ಲಯ್ಯನ ಮುಂದ ನಿಂತು ಮೊದಲ ಅವಗ ಹೇಳಿ, ಆಮ್ಯಾಲ ನಿಮಗ ಕೇಳಬೇಕಂತ ಹೊಂಟಿದ್ದೆ. ನೀವು ಒಲ್ಲೆ ಅಂದ್ರ ಅಷ್ಟ್ ದೂರ ನಡಿಯಾಕ ಕಾಲ್ ಬರಂಗಿಲ್ಲಂತ ಅಂಜಿಕಿ ಇತ್ರಿ."

ನಾನು ಪೊಟ್ಟಣವನ್ನು ಎಳೆದು ಮಡಿಲಲ್ಲಿಟ್ಟುಕೊಂಡೆ. ಅವನ ಬೆರಳು ಅಪ್ಪಿತಪ್ಪಿ ತಾಗಿಬಿಟ್ಟರೆ ಎಂದು ಭಯವಾಗಿ, ಅದರ ಮೇಲೆ ದುಪಟ್ಟಾ ಬೇರೆ ಮುಚ್ಚಿದೆ. ಆಶ್ರಿತಾ ಕೈ ನೀಡಿ ಸಲೀಸಾಗಿ ಅದನ್ನು ಎತ್ತಿಕೊಂಡಳು.

"ಇದು ನನಗೆ. ನಾದಿನಿ ಹಕ್ಕು," ಎಂದಳು.

ಅವಳ ಮೇಲೆ ನನಗೆ ಆಗಲೂ ಸ್ವಲ್ಪ ಹೊಟ್ಟೆಕಿಚ್ಚೇ ಇತ್ತು. ನನಗಿಂತ ಮೊದಲು ಆ ಮನೆಯವಳಾಗಿಬಿಟ್ಟಿದ್ದಳಲ್ಲ.

"ಹಾಗಾದ್ರೆ ಸೊಸೆ ಏನು ಮಾಡ್ಬೇಕು ನಿಮ್ಮನೇಲಿ?" ಎಂದು ಕೇಳಿದೆ. ಅವನಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಬಾಯಿಗೆ ಕೈ ಅಡ್ಡ ಹೋಯಿತು.

"ಬುತ್ತಿ ಕಟ್ಟಬೇಕ್ರಿ," ಎಂದ. "ದಾರಿ ಬುತ್ತಿ."

ಶುಕ್ರವಾರ ಇಡೀ ದಿನ ನಾನು ಜೋಳದ ರೊಟ್ಟಿ ತಟ್ಟಿದೆ. ತಟ್ಟಿದ್ದೆಲ್ಲ ಹರಿಯಿತು. ಆಶ್ರಿತಾ ನನ್ನನ್ನು ಕೇಳದೆಯೇ ಲಕ್ಕವ್ವನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿ ಇಟ್ಟಳು. ಮೈಯೆಲ್ಲ ಹಿಟ್ಟಾಗಿದ್ದ ನನ್ನನ್ನು ಆ ತಾಯಿ ಮೇಲಿಂದ ಕೆಳಗೆ ನೋಡಿದರು.

"ಚಪಾತಿ ಬರತಾವೇನವ್ವಾ?"

"ಬರುತ್ತೆ ಅಮ್ಮ."

"ಹಂಗಾದ್ರ ಚಪಾತಿನ ಮಾಡು. ನಡಿಯಾಂವಗ ಹಸಿವು ಇರತೈತಿ, ಎಲ್ಲಾ ತಿಂತಾನ. ರೊಟ್ಟಿ ನಾ ಕಲಿಸ್ತೀನಿ. ಎಲ್ಲಿ ಓಡಿ ಹೋಗತೈತಿ ರೊಟ್ಟಿ?"

ಚಪಾತಿ, ಚಟ್ನಿಪುಡಿ, ಅಮ್ಮ ಮೈಸೂರಿನಿಂದ ಕಳಿಸಿದ್ದ ಪುಳಿಯೋಗರೆ ಪುಡಿ, ಎಲ್ಲ ಬಟ್ಟೆಯಲ್ಲಿ ಕಟ್ಟಿದೆ. ಶನಿವಾರ ಬೆಳಿಗ್ಗೆ ಏರ್‌ಪೋರ್ಟಿನ ಬಾಗಿಲಲ್ಲಿ ಚನ್ನಬಸವ ಎರಡೂ ಕೈ ಚಾಚಿ ಬುತ್ತಿ ತೆಗೆದುಕೊಂಡ, ಮಗುವನ್ನು ಎತ್ತಿಕೊಳ್ಳುವ ಹಾಗೆ. ಕಣ್ಣು ತುಂಬಿತ್ತು. ಹಿಂದೆ ಟ್ರಾಲಿ ಹಿಡಿದ ಜನ ಸರಿಯಿರಿ ಎನ್ನುತ್ತಿದ್ದರು.

"ನಾ ಕೇಳಿದ್ದಕ್ಕ ನೀವು ಇನ್ನೂ ಬಾಯಿಬಿಟ್ಟು ಹೇಳಿಲ್ರಿ," ಎಂದ ಕೊನೆಗೆ. "ಅಲ್ಲಿ ಮುಟ್ಟಿದ ಮ್ಯಾಲ ಏನ್ ಹೇಳ್ಲಿ?"

ನನಗೆ ನಾಚಿಕೆಯಾಯಿತು, ನಗುವೂ ಬಂತು. ಕುತ್ತಿಗೆಯ ಹತ್ತಿರ ಮಡಚಿಕೊಂಡಿದ್ದ ಅವನ ಕಾಲರನ್ನು ಸರಿಮಾಡಿದೆ. ಯಾರು ನೋಡಿದರೂ ನೋಡಲಿ.

"ಸೀರೆ ಕೊಡುವಾಗ ನಿಮ್ಮ ಮನೆಮಗಳಿಗೆ ಹೇಳಿ," ಎಂದೆ. "ನಿನ್ನ ಅತ್ತಿಗೆ ಕ್ಷೇಮ ಕೇಳಿದ್ಲು ಅಂತ."